ಸ್ತನದಲ್ಲಿ ಗಂಟು ಸಿಕ್ಕಿತೇ? 40 ದಾಟದ ಮಹಿಳೆಯರಿಗೆ ಕೈಪರೀಕ್ಷೆಯಿಂದ ಅಂತಿಮ ವರದಿಯವರೆಗಿನ ಸಮಗ್ರ ಮಾರ್ಗದರ್ಶಿ

ಸ್ತನವನ್ನು ತಾವೇ ಪರೀಕ್ಷಿಸಿಕೊಳ್ಳಲು ಹೊರಡುವ ಯುವತಿಯರು ಎಡವುವುದು ಎರಡು ಕಡೆ. ಒಂದು, ಕೈಯ ಬಳಕೆಯಲ್ಲಿ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಹಿಸುಕಿ ನೋಡುತ್ತಾರೆ, ಎಲ್ಲಿ ಹಿಡಿದರೂ ಗಂಟಿದ್ದಂತೆ ಅನಿಸುತ್ತದೆ, ಗಾಬರಿಯಾಗಿ ಮತ್ತೆ ಆ ಕೆಲಸಕ್ಕೇ ಹೋಗುವುದಿಲ್ಲ. ಇನ್ನೊಂದು, ಆಸ್ಪತ್ರೆಯಲ್ಲಿ. ನಿಜವಾದ ಗಂಟನ್ನೇ ಪತ್ತೆ ಮಾಡಿಕೊಂಡು ಹೋಗಿರುತ್ತಾರೆ. ‘ಈ ವಯಸ್ಸಿಗೆ ಏನೂ ಇರಲ್ಲ ಬಿಡಿ’ ಎಂಬ ಮಾತನ್ನೋ ಒಂದು ನಾರ್ಮಲ್ ಸ್ಕ್ಯಾನ್ ವರದಿಯನ್ನೋ ನಂಬಿ ವಾಪಸಾಗುತ್ತಾರೆ. ಗಂಟು ಇದ್ದಲ್ಲೇ ಇರುತ್ತದೆ.

ಎರಡನೆಯ ತಪ್ಪೇ ಹೆಚ್ಚು ಅಪಾಯಕಾರಿ. 20ರಿಂದ 40ರೊಳಗಿನವರ ಸ್ತನದ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ ಎಂಬುದು ನಿಜ. ಆ ನಿಜದಿಂದಾಗಿಯೇ ಉಳಿದವರ ಪಾಲಿಗೆ ತಿಂಗಳುಗಟ್ಟಲೆ ತಡವಾಗುತ್ತದೆ. ಸರಾಸರಿ ಅಪಾಯದವರಿಗೆ 40ರೊಳಗೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ತಪಾಸಣೆಯನ್ನು ಯಾರೂ ಶಿಫಾರಸು ಮಾಡುವುದಿಲ್ಲ. ಹಾಗಾಗಿ ಈ ವಯಸ್ಸಿನ ಕ್ಯಾನ್ಸರ್ ಹೆಚ್ಚಾಗಿ ಮೊದಲು ಸಿಗುವುದು ಆ ಮಹಿಳೆಯ ಕೈಗೇ. ಕೈಗೆ ಸಿಕ್ಕಿದ್ದಕ್ಕೆ ಕಾರಣ ಇಂಥದ್ದೇ ಎಂದು ಖಚಿತವಾಗುವವರೆಗೆ ಕೆಲಸ ಮುಗಿದಿಲ್ಲ ಎಂದು ತಿಳಿಯಿರಿ. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ.

## ಹಂತ 1: ಕುಟುಂಬದ ಪಟ್ಟಿ ಬರೆಯಿರಿ

ಕನ್ನಡಿಯ ಮುಂದೆ ನಿಲ್ಲುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ನಿಮ್ಮ ಅಪಾಯ ಸರಾಸರಿಯೋ ಹೆಚ್ಚೋ ಎಂಬುದನ್ನು ಅನುಸರಿಸಿ ಮುಂದಿನ ಪರೀಕ್ಷೆಗಳು ಬದಲಾಗುತ್ತವೆ. ತಾಯಿ, ಅಕ್ಕತಂಗಿಯರು, ಮಗಳು. ನಂತರ ಇಬ್ಬರು ಅಜ್ಜಿಯರು, ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ. ಯಾರಿಗೆ ಯಾವ ಕ್ಯಾನ್ಸರ್ ಆಗಿತ್ತು, ಎಷ್ಟನೇ ವಯಸ್ಸಿನಲ್ಲಿ ಗೊತ್ತಾಯಿತು ಎಂದು ಬರೆಯಿರಿ. ಸ್ತನ ಕ್ಯಾನ್ಸರ್ ಜೊತೆಗೆ ಅಂಡಾಶಯ, ಮೇದೋಜ್ಜೀರಕ ಗ್ರಂಥಿ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್‌ಗಳನ್ನೂ ಗಂಡಸರಿಗೆ ಬಂದ ಸ್ತನ ಕ್ಯಾನ್ಸರನ್ನೂ ಸೇರಿಸಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ತಂದೆಯ ಕಡೆಯವರನ್ನು ಬಿಟ್ಟುಬಿಡುವುದು. ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳ ದೋಷ (ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿಸುವಂಥದ್ದು) ತಂದೆಯಿಂದಲೂ ಬರುತ್ತದೆ. ತಂದೆ ಅಥವಾ ತಾಯಿಯಲ್ಲಿ ಅದಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ತಂದೆ ಆರೋಗ್ಯವಾಗಿದ್ದು, ಅವರ ತಾಯಿಗೋ ತಂಗಿಗೋ ಎಳೆ ವಯಸ್ಸಿನಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಆ ಮಾಹಿತಿ ನಿಮಗೆ ತುಂಬ ಮುಖ್ಯ.

ಈ ಜೀನ್ ದೋಷವಿರುವ ಮಹಿಳೆಯರಲ್ಲಿ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಶೇ. 70. ಅವರಿಗೆ ಸಾಮಾನ್ಯವಾಗಿ 25ನೇ ವಯಸ್ಸಿನಿಂದ ವರ್ಷಕ್ಕೊಮ್ಮೆ ಎಂಆರ್‌ಐ, 30ರಿಂದ ಅದರೊಂದಿಗೆ ಮ್ಯಾಮೊಗ್ರಾಮ್ ಸೂಚಿಸುತ್ತಾರೆ. 10ರಿಂದ 30ನೇ ವಯಸ್ಸಿನ ನಡುವೆ ಬೇರೆ ಕಾಯಿಲೆಗಾಗಿ ಎದೆಗೆ ವಿಕಿರಣ ಚಿಕಿತ್ಸೆ ಪಡೆದವರೂ ಹೆಚ್ಚಿನ ಅಪಾಯದ ಗುಂಪಿಗೆ ಸೇರುತ್ತಾರೆ. ಇದನ್ನು ವೈದ್ಯರಿಗೆ ಹೇಳಲು ಅನೇಕರು ಮರೆಯುತ್ತಾರೆ. ತಾಯಿಗೆ 42ರಲ್ಲಿ ಕಾಯಿಲೆ ಬಂದಿದ್ದರೆ ಮಗಳ ತಪಾಸಣೆ 32ರ ಹೊತ್ತಿಗೆ ಆರಂಭವಾಗಬೇಕು. ಅಂದರೆ ಕುಟುಂಬದ ಅತಿ ಎಳೆಯ ರೋಗಿಯ ವಯಸ್ಸಿಗಿಂತ 10 ವರ್ಷ ಮುಂಚೆ ಎಂಬ ಲೆಕ್ಕ.

ಜೀನ್ ಪರೀಕ್ಷೆ ಮಾಡಿಸುವುದಾದರೆ, ಸಾಧ್ಯವಿದ್ದಷ್ಟೂ ಕ್ಯಾನ್ಸರ್ ಬಂದ ಸಂಬಂಧಿಗೇ ಮೊದಲು ಮಾಡಿಸಿ. ಅವರಲ್ಲಿ ದೋಷ ಯಾವುದೆಂದು ಗೊತ್ತಾಗದೆ ನಿಮಗೆ ‘ನೆಗೆಟಿವ್’ ಬಂದರೆ ಅದರಿಂದ ಪೂರ್ಣ ಧೈರ್ಯ ಸಿಗುವುದಿಲ್ಲ. ‘ಅರ್ಥ ಅನಿಶ್ಚಿತವಾದ ಬದಲಾವಣೆ’ ಎಂದು ವರದಿ ಬಂದರೆ ಅದನ್ನೇ ಆಧಾರವಾಗಿಟ್ಟು ಶಸ್ತ್ರಚಿಕಿತ್ಸೆಗೆ ಹೊರಡಬೇಡಿ.

ಪಟ್ಟಿ ಖಾಲಿಯಾಗಿದ್ದರೂ ಉಳಿದ ಹಂತಗಳನ್ನು ಬಿಡುವಂತಿಲ್ಲ. ಸ್ತನ ಕ್ಯಾನ್ಸರ್ ಬರುವ ಹೆಚ್ಚಿನವರ ಕುಟುಂಬದಲ್ಲಿ ಯಾರಿಗೂ ಅದು ಬಂದಿರುವುದಿಲ್ಲ. ಆನುವಂಶಿಕ ಜೀನ್ ದೋಷದಿಂದ ಬರುವುದು ಒಟ್ಟು ಪ್ರಕರಣಗಳಲ್ಲಿ ಶೇ. 5ರಿಂದ 10 ಮಾತ್ರ.

## ಹಂತ 2: ದಿನ ಮತ್ತು ಸಾಮಾನು ಹೊಂದಿಸಿಕೊಳ್ಳಿ

ಮುಟ್ಟಿನ ಮೊದಲ ದಿನವನ್ನು 1 ಎಂದು ಎಣಿಸಿ, 7ರಿಂದ 10ನೇ ದಿನದೊಳಗೆ ಪರೀಕ್ಷಿಸಿಕೊಳ್ಳಿ. ಮುಟ್ಟಿಗೆ ಒಂದು ವಾರ ಮುಂಚೆ ಹಾರ್ಮೋನ್ ಪ್ರಭಾವದಿಂದ ಸ್ತನದಲ್ಲಿ ನೀರು ತುಂಬಿ ಊದಿಕೊಳ್ಳುತ್ತದೆ, ಗ್ರಂಥಿಗಳು ಗಟ್ಟಿಯಾಗುತ್ತವೆ. ಆಗ ಪರೀಕ್ಷಿಸಿದರೆ ಸುಳ್ಳು ಗಂಟುಗಳು ಸಿಗುತ್ತವೆ, ನಿಜವಾದದ್ದು ಅವುಗಳ ನಡುವೆ ಮರೆಯಾಗಲೂಬಹುದು. ಮುಟ್ಟು ಕ್ರಮವಾಗಿ ಬಾರದವರು ಮತ್ತು ಗರ್ಭಿಣಿಯರು ತಿಂಗಳ ಯಾವುದಾದರೂ ಒಂದು ತಾರೀಖನ್ನು ಗೊತ್ತುಮಾಡಿಕೊಳ್ಳಲಿ. ಹಾಲುಣಿಸುವವರು ಮಗುವಿಗೆ ಹಾಲು ಕೊಟ್ಟ ತಕ್ಷಣ ನೋಡಿಕೊಳ್ಳಲಿ.

ಬೇಕಾದದ್ದು ಸೊಂಟದವರೆಗೆ ಕಾಣುವ ಕನ್ನಡಿ, ಮಡಚಿದ ಟವೆಲ್, ಸ್ವಲ್ಪ ಲೋಷನ್ ಅಥವಾ ಎಣ್ಣೆ, ಬರೆದಿಡಲು ಪುಸ್ತಕ. ಬೆಳಕು ಎದುರಿನಿಂದ ಬೇಡ, ಪಕ್ಕದಿಂದ ಬೀಳಲಿ. ಚರ್ಮದ ಸಣ್ಣ ಗುಳಿಗಳು ನೆರಳಿನಿಂದಲೇ ಕಾಣುವುದು. 15 ನಿಮಿಷ ಬಿಡುವು ಮಾಡಿಕೊಳ್ಳಿ.

ಎಷ್ಟು ಸಲ ಮಾಡಬೇಕು ಎಂಬ ಪ್ರಶ್ನೆಗೆ ನೇರವಾಗಿ ಉತ್ತರಿಸಬೇಕು. ಶಾಂಘೈಯಲ್ಲಿ ಸುಮಾರು 2,66,000 ಮಹಿಳೆಯರನ್ನು ಒಳಗೊಂಡು ನಡೆದ, 2002ರಲ್ಲಿ ಅಂತಿಮ ಫಲಿತಾಂಶ ಪ್ರಕಟವಾದ ಅಧ್ಯಯನದಲ್ಲಿ, ಸ್ವಯಂ ಪರೀಕ್ಷೆಯ ವಿಧಾನ ಕಲಿಸಿದ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಸಾವು ಕಡಿಮೆಯಾಗಲಿಲ್ಲ. ಕ್ಯಾನ್ಸರ್ ಅಲ್ಲದ ಗಂಟುಗಳಿಗೆ ಬಯಾಪ್ಸಿ (ಅಂಗಾಂಶದ ಚೂರು ತೆಗೆದು ಪರೀಕ್ಷಿಸುವುದು) ಮಾತ್ರ ಹೆಚ್ಚಾಯಿತು. ಆದ್ದರಿಂದ ಪ್ರತಿ ತಿಂಗಳೂ ತಪ್ಪದೆ ಮಾಡಲೇಬೇಕೆಂಬ ಕಟ್ಟುಪಾಡು ಈಗಿಲ್ಲ. ಗುರಿ ಏನೆಂದರೆ ನಿಮ್ಮ ಸ್ತನದ ಸಹಜ ಸ್ಥಿತಿ ನಿಮಗೆ ಗೊತ್ತಿರಬೇಕು. ಮೂರ್ನಾಲ್ಕು ಮುಟ್ಟಿನ ಚಕ್ರಗಳಲ್ಲಿ ಕೆಳಗಿನ ವಿಧಾನವನ್ನು ಸರಿಯಾಗಿ ಕಲಿತರೆ ಆ ಪರಿಚಯ ಆಗುತ್ತದೆ. ಆಮೇಲೆ ತಿಂಗಳು ತಪ್ಪಿದರೆ ಚಿಂತೆ ಬೇಡ. ದಿನಾ ಮುಟ್ಟಿ ನೋಡುವುದಂತೂ ಬೇಡವೇ ಬೇಡ, ನಿಧಾನವಾಗಿ ಆಗುವ ಬದಲಾವಣೆ ದಿನಾ ನೋಡುವವರಿಗೇ ಗೊತ್ತಾಗುವುದಿಲ್ಲ.

## ಹಂತ 3: ಮೊದಲು ಕಣ್ಣಿನಿಂದ

ಸೊಂಟದ ಮೇಲಿನ ಬಟ್ಟೆ ತೆಗೆದು ಕನ್ನಡಿಯ ಮುಂದೆ ನಾಲ್ಕು ಭಂಗಿಗಳಲ್ಲಿ ನಿಂತು ನೋಡಿ. ಮೊದಲು ಕೈಗಳನ್ನು ಇಳಿಬಿಟ್ಟು. ನಂತರ ಅಂಗೈಗಳನ್ನು ಸೊಂಟದ ಮೇಲಿಟ್ಟು ಗಟ್ಟಿಯಾಗಿ ಒತ್ತಿ. ಆಗ ಎದೆಯ ಸ್ನಾಯು ಬಿಗಿಯಾಗಿ, ಒಳಗಿನಿಂದ ಚರ್ಮವನ್ನು ಎಳೆದು ಹಿಡಿದಿರುವ ಗಂಟಿದ್ದರೆ ಗುಳಿ ಬೀಳುತ್ತದೆ. ಮೂರನೆಯದು ಎರಡೂ ಕೈಗಳನ್ನು ತಲೆಯ ಮೇಲೆತ್ತಿ. ನಾಲ್ಕನೆಯದು ಮುಂದಕ್ಕೆ ಬಗ್ಗಿ, ಸ್ತನಗಳು ಜೋತುಬೀಳುವಂತೆ. ಪ್ರತಿ ಭಂಗಿಯಲ್ಲೂ ನೇರವಾಗಿ ಒಮ್ಮೆ, ಎಡಬಲಕ್ಕೆ ತಿರುಗಿ ಒಮ್ಮೊಮ್ಮೆ ನೋಡಿ. ಭಾರವಾದ ಸ್ತನದವರು ಅದನ್ನು ಮೇಲೆತ್ತಿ ಕೆಳಮಡಿಕೆಯನ್ನೂ ನೋಡಬೇಕು.

ಹುಡುಕಬೇಕಾದದ್ದು ಹೊಸದಾಗಿ ಕಂಡ ಬದಲಾವಣೆ. ಚರ್ಮದಲ್ಲಿ ಗುಳಿ ಅಥವಾ ಸೆಳೆತ, ಕಿತ್ತಳೆ ಸಿಪ್ಪೆಯಂತೆ ದಪ್ಪಗಾಗಿ ರಂಧ್ರಗಳು ಎದ್ದು ಕಾಣುವುದು, ಕೆಂಪು, ಒಳಕ್ಕೆ ಸರಿದ ಅಥವಾ ಓರೆಯಾದ ತೊಟ್ಟು, ತೊಟ್ಟಿನ ಮೇಲೆ ಹೊಪ್ಪಳಿಕೆ, ಒಂದೇ ಸ್ತನ ಬೇಗನೆ ದೊಡ್ಡದಾಗುವುದು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕೆಂಪಾಗಿಯೇ ಕಾಣುವುದಿಲ್ಲ. ಆ ಭಾಗ ಗಾಢ ಕಂದು ಅಥವಾ ನೇರಳೆಯಾಗಿ, ಮುಟ್ಟಿದರೆ ಬಿಸಿಯಾಗಿರುತ್ತದೆ.

ಎರಡು ಸ್ತನಗಳ ಗಾತ್ರದಲ್ಲಿ ಮೊದಲಿನಿಂದಲೂ ಇರುವ ವ್ಯತ್ಯಾಸ, ಹದಿಹರೆಯದಿಂದ ಒಳಮುಖವಾಗಿರುವ ತೊಟ್ಟು, ತೊಟ್ಟಿನ ಸುತ್ತಲಿನ ಗಾಢ ವರ್ತುಲದ ಮೇಲಿನ ಸಣ್ಣ ಗುಳ್ಳೆಗಳು, ಒಂದೆರಡು ಕೂದಲು ಇವೆಲ್ಲ ಸಹಜ.

## ಹಂತ 4: ಮುಟ್ಟಿ ನೋಡುವ ಸರಿಯಾದ ಕ್ರಮ

ನಿಧಾನವಾಗಿ ಓದಿಕೊಳ್ಳಬೇಕಾದ ಹಂತ ಇದು, ಹೆಚ್ಚಿನವರು ತಪ್ಪುವುದು ಇಲ್ಲೇ.

ಭಂಗಿ: ಅಂಗಾತ ಮಲಗಿ. ಬಲ ಸ್ತನ ನೋಡುವಾಗ ಬಲ ಹೆಗಲಿನ ಕೆಳಗೆ ಮಡಚಿದ ಟವೆಲ್ ಇಟ್ಟು, ಬಲಗೈಯನ್ನು ತಲೆಯ ಹಿಂದಕ್ಕೆ ಹಾಕಿ, ಎಡಗೈಯಿಂದ ಪರೀಕ್ಷಿಸಿ. ಆಗ ಸ್ತನ ಎದೆಗೂಡಿನ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ನಿಂತಾಗ ಕೆಳಭಾಗದ ಪದರ ದಪ್ಪಗಿದ್ದು ಒಳಗಿನದು ಸಿಗುವುದಿಲ್ಲ. ಸ್ತನ ದೊಡ್ಡದಿದ್ದರೆ ಹೊರಭಾಗವನ್ನು ನೋಡಲು ಎದುರು ಮಗ್ಗುಲಿಗೆ ಸ್ವಲ್ಪ ಹೊರಳಿ.

ಬೆರಳು: ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ ಚಪ್ಪಟೆಯಾಗಿ ಇಡಿ. ಬಳಸಬೇಕಾದದ್ದು ತುದಿಯ ಗೆಣ್ಣಿನ ಒಳಮೆತ್ತೆ. ಉಗುರಿನ ಕಡೆಯ ತುದಿಯಿಂದ ಚುಚ್ಚಿದರೆ ಪಕ್ಕೆಲುಬು ಗಂಟಿನಂತೆ ಅನಿಸುತ್ತದೆ, ಹೆಬ್ಬೆರಳು ಸೇರಿಸಿ ಹಿಸುಕಿದರೆ ಸಹಜ ಗ್ರಂಥಿಯೇ ಗಂಟಾಗಿಬಿಡುತ್ತದೆ.

ಒತ್ತಡ: ಒಂದೊಂದು ಜಾಗದಲ್ಲೂ ಸುಮಾರು 2 ಸೆಂ.ಮೀ. ಅಗಲದ ಮೂರು ಪುಟ್ಟ ಸುತ್ತು. ಮೊದಲನೆಯದು ಹಗುರವಾಗಿ, ಚರ್ಮದಡಿಯ ಪದರಕ್ಕೆ. ಎರಡನೆಯದು ಮಧ್ಯಮ, ಗ್ರಂಥಿಗಳಿಗೆ. ಮೂರನೆಯದು ಪಕ್ಕೆಲುಬು ಸಿಗುವಷ್ಟು ಆಳ. ಒಂದೇ ಒತ್ತಡದಲ್ಲಿ ಸವರಿಕೊಂಡು ಹೋದರೆ ಒಂದು ಪದರ ಮಾತ್ರ ನೋಡಿದಂತಾಗುತ್ತದೆ.

ಗಡಿ: ಸ್ತನ ಎಂದರೆ ಬ್ರಾ ಮುಚ್ಚುವ ಭಾಗವಷ್ಟೇ ಅಲ್ಲ. ಮೇಲೆ ಕೊರಳೆಲುಬು, ಕೆಳಗೆ ಸ್ತನದ ಕೆಳಮಡಿಕೆ, ಒಳಗೆ ಎದೆಯ ನಡುಮೂಳೆ, ಹೊರಗೆ ಕಂಕುಳಿನ ನಡುವಿನಿಂದ ಕೆಳಗಿಳಿಯುವ ಗೆರೆ, ಇಷ್ಟರೊಳಗಿನದೆಲ್ಲ ನೋಡಬೇಕು. ಗ್ರಂಥಿಯ ಒಂದು ಬಾಲ ಕಂಕುಳಿನೊಳಕ್ಕೂ ಚಾಚಿರುತ್ತದೆ. ಗ್ರಂಥಿ ಹೆಚ್ಚು ಇರುವುದು ಮೇಲಿನ ಹೊರಭಾಗದಲ್ಲಿ, ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳು ಹುಟ್ಟುವುದೂ ಅಲ್ಲೇ. ಅವಸರದಲ್ಲಿ ಬಿಟ್ಟುಹೋಗುವುದೂ ಅದೇ ಜಾಗ.

ದಾರಿ: ಕಂಕುಳಿನ ಗೆರೆಯಿಂದ ಆರಂಭಿಸಿ ಮೇಲಿನಿಂದ ಕೆಳಕ್ಕೆ, ಒಂದು ಬೆರಳಗಲ ಒಳಕ್ಕೆ ಸರಿದು ಕೆಳಗಿನಿಂದ ಮೇಲಕ್ಕೆ, ಹೀಗೆ ನಡುಮೂಳೆ ತಲುಪುವವರೆಗೆ. ತೊಟ್ಟಿನ ಸುತ್ತ ವೃತ್ತಾಕಾರವಾಗಿ ಹೋಗುವ ಹಳೆಯ ಕ್ರಮಕ್ಕಿಂತ ಇದು ಮೇಲು. ವೃತ್ತದಲ್ಲಿ ಅಂಚುಗಳು ತಪ್ಪಿಹೋಗುತ್ತವೆ. ಬೆರಳುಗಳನ್ನು ಎತ್ತದೆ ಜಾರಿಸಿಕೊಂಡು ಹೋಗಲು ಲೋಷನ್ ನೆರವಾಗುತ್ತದೆ.

ಕಂಕುಳು: ಕೊನೆಗೆ ಎದ್ದು ಕುಳಿತು ನೋಡಿ. ಕೈಯನ್ನು ಪೂರ್ತಿ ಎತ್ತಬೇಡಿ, ಎತ್ತಿದರೆ ಚರ್ಮ ಮತ್ತು ಸ್ನಾಯು ಬಿಗಿಯಾಗಿ ಒಳಗಿನ ಗ್ರಂಥಿ ಸಿಗುವುದಿಲ್ಲ. ಕೈಯನ್ನು ಸಡಿಲವಾಗಿ ಇಳಿಬಿಟ್ಟು, ಇನ್ನೊಂದು ಕೈಯ ಬೆರಳುಗಳನ್ನು ಕಂಕುಳಿನ ಗುಳಿಯೊಳಗೆ ತೂರಿಸಿ ಪಕ್ಕೆಲುಬಿನ ಮೇಲೆ ಒತ್ತುತ್ತ ಕೆಳಕ್ಕೆ ಎಳೆಯಿರಿ. ಕೊರಳೆಲುಬಿನ ಮೇಲಿನ ಗುಳಿಯನ್ನೂ ಒಮ್ಮೆ ಸವರಿ. ತೊಟ್ಟನ್ನು ಹಿಂಡುವ ಅಗತ್ಯವಿಲ್ಲ. ಹಿಂಡಿದರೆ ಆರೋಗ್ಯವಂತರಲ್ಲೂ ಒಂದೆರಡು ಹನಿ ಬರಬಹುದು, ಅದರಿಂದ ಏನೂ ತಿಳಿಯುವುದಿಲ್ಲ.

## ಹಂತ 5: ಸಿಕ್ಕಿದ್ದು ಏನೆಂದು ಅಂದಾಜಿಸಿ, ಬರೆಯಿರಿ

ಎಳೆಯ ಸ್ತನ ಸಹಜವಾಗಿಯೇ ಹರಳುಹರಳಾಗಿರುತ್ತದೆ, ಮೇಲಿನ ಹೊರಭಾಗದಲ್ಲಂತೂ ಇನ್ನೂ ಹೆಚ್ಚು. ಕೆಳಮಡಿಕೆಯ ಉದ್ದಕ್ಕೂ ಗಟ್ಟಿಯಾದ ದಿಂಡು ಸಿಗುತ್ತದೆ. ತೊಟ್ಟಿನ ಕೆಳಗೆ ಪುಟ್ಟ ತಗ್ಗು ಇರುತ್ತದೆ. ಅನುಮಾನ ಬಂದಾಗ ಇನ್ನೊಂದು ಸ್ತನದ ಅದೇ ಜಾಗವನ್ನು ಮುಟ್ಟಿ. ಎರಡೂ ಕಡೆ ಒಂದೇ ರೀತಿ ಇದ್ದರೆ ಹೆಚ್ಚಾಗಿ ಅದು ನಿಮ್ಮ ಸಹಜ ರಚನೆ. ಒಂದೇ ಕಡೆ, ಸುತ್ತಲಿನದಕ್ಕಿಂತ ಬೇರೆಯಾಗಿ, ಅಂಚು ಗುರುತಿಸಬಹುದಾದಂತೆ ಸಿಕ್ಕಿದರೆ ಅದು ಗಂಟು.

ಗಟ್ಟಿ, ಅಂಕುಡೊಂಕು, ಅಲುಗದ ಗಂಟು ಹೆಚ್ಚು ಅನುಮಾನಾಸ್ಪದ. ನುಣುಪಾಗಿ, ರಬ್ಬರಿನಂತೆ, ಬೆರಳಿನಡಿ ಜಾರುವುದು 15ರಿಂದ 35ರ ವಯಸ್ಸಿನಲ್ಲಿ ಹೆಚ್ಚಾಗಿ ಫೈಬ್ರೊಅಡಿನೋಮ, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ. ಆದರೆ ಈ ವ್ಯತ್ಯಾಸವನ್ನು ಮನೆಯಲ್ಲಿ ಕೂತು ತೀರ್ಮಾನಕ್ಕೆ ಬಳಸಬೇಡಿ. ಎಳೆ ವಯಸ್ಸಿನವರಲ್ಲಿ ಹೆಚ್ಚಾಗಿ ಕಾಣುವ, ವೇಗವಾಗಿ ಬೆಳೆಯುವ ‘ಟ್ರಿಪಲ್ ನೆಗೆಟಿವ್’ (ಇಆರ್, ಪಿಆರ್, ಹೆರ್2 ಎಂಬ ಮೂರು ಗುರುತುಗಳೂ ಇಲ್ಲದ) ಕ್ಯಾನ್ಸರ್ ಕೆಲವೊಮ್ಮೆ ದುಂಡಗೆ ನುಣುಪಾಗಿಯೇ ಇದ್ದು ಸ್ಕ್ಯಾನಿನಲ್ಲೂ ಫೈಬ್ರೊಅಡಿನೋಮದಂತೆ ಕಾಣುತ್ತದೆ. ‘ನೋವಿಲ್ಲ, ಹಾಗಾಗಿ ತೊಂದರೆಯಿಲ್ಲ’ ಎಂಬ ಲೆಕ್ಕವೂ ತಪ್ಪು, ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ.

ಬರೆಯುವಾಗ ಸ್ತನವನ್ನು ಗಡಿಯಾರದ ಮುಖವೆಂದು ಭಾವಿಸಿ. ಎದುರಿಗೆ ನಿಂತು ನೋಡುವವರ ದೃಷ್ಟಿಯಿಂದ ಬಲ ಸ್ತನದ ಮೇಲಿನ ಹೊರಭಾಗ 10 ಗಂಟೆಯ ಜಾಗ, ಎಡ ಸ್ತನದ್ದು 2 ಗಂಟೆಯ ಜಾಗ. ‘ಎಡ, 2 ಗಂಟೆ, ತೊಟ್ಟಿನಿಂದ 4 ಸೆಂ.ಮೀ., ಗಾತ್ರ ಸುಮಾರು 1.5 ಸೆಂ.ಮೀ., ಅಲುಗುತ್ತದೆ, ಮುಟ್ಟಿನ 9ನೇ ದಿನ’ ಎಂದು ತಾರೀಖಿನೊಂದಿಗೆ ಬರೆದಿಟ್ಟರೆ, ಸ್ಕ್ಯಾನ್ ಮಾಡುವವರು ಸರಿಯಾದ ಜಾಗವನ್ನೇ ನೋಡುತ್ತಾರೆ.

## ಹಂತ 6: ಕಾಯಬೇಕೋ, ಹೋಗಬೇಕೋ

ಕಾಯಲು ಅವಕಾಶವಿರುವುದು ಒಂದೇ ಸಂದರ್ಭದಲ್ಲಿ. ವಯಸ್ಸು 30ರೊಳಗೆ, ಕುಟುಂಬದ ಪಟ್ಟಿ ಖಾಲಿ, ಮುಟ್ಟಿಗೆ ಮುಂಚೆ ಸಿಕ್ಕಿದ ಅಸ್ಪಷ್ಟ ದಪ್ಪ, ಬೇರೆ ಯಾವ ಲಕ್ಷಣವೂ ಇಲ್ಲ. ಆಗ ಮುಟ್ಟು ಮುಗಿದ ಮೇಲೆ ಒಮ್ಮೆ ನೋಡಿ. ಹೋಗಿದ್ದರೆ ಸರಿ. ಇದ್ದರೆ ಅದೇ ವಾರ ವೈದ್ಯರನ್ನು ಕಾಣಿ. ಎರಡನೇ ಮುಟ್ಟಿನವರೆಗೆ ಕಾಯುವ ಪ್ರಶ್ನೆಯೇ ಇಲ್ಲ. ಅಂಚು ಸ್ಪಷ್ಟವಾಗಿರುವ ಗಂಟಿಗೆ ಮೊದಲ ಮುಟ್ಟನ್ನೂ ಕಾಯಬೇಡಿ.

ನೋವು ಮಾತ್ರ ಇದ್ದು ಗಂಟಿಲ್ಲದಿದ್ದರೆ ಕ್ಯಾನ್ಸರ್ ಸಾಧ್ಯತೆ ತೀರ ಕಡಿಮೆ. ಎರಡೂ ಕಡೆ, ಮುಟ್ಟಿಗೆ ಮುಂಚೆ ಬಂದು ಮುಟ್ಟಾದ ಮೇಲೆ ಇಳಿಯುವ ನೋವು ಹಾರ್ಮೋನಿನದು. ಅಳತೆಗೆ ಸರಿಹೊಂದುವ, ಆಧಾರ ಕೊಡುವ ಬ್ರಾ ಹಾಕಿದರೆ ಬಹಳ ಜನಕ್ಕೆ ಕಡಿಮೆಯಾಗುತ್ತದೆ. ಒಂದೇ ಬಿಂದುವಿನಲ್ಲಿ ಬಿಡದೆ ಇರುವ ನೋವನ್ನು ತೋರಿಸಿ.

ತೊಟ್ಟಿನ ಸ್ರಾವದಲ್ಲಿ ಗಮನಿಸಬೇಕಾದದ್ದು: ತಾನಾಗಿಯೇ ಬರುತ್ತದೆಯೇ, ಒಂದೇ ಸ್ತನದಿಂದಲೇ, ಒಂದೇ ರಂಧ್ರದಿಂದಲೇ, ರಕ್ತದ ಬಣ್ಣವೇ ಅಥವಾ ನೀರಿನಂತೆ ತಿಳಿಯೇ? ಹೌದಾದರೆ ಪರೀಕ್ಷೆ ಬೇಕೇ ಬೇಕು. ಹಿಂಡಿದಾಗ ಎರಡೂ ಕಡೆ ಹಲವು ರಂಧ್ರಗಳಿಂದ ಬರುವ ಹಸಿರು ಅಥವಾ ಹಳದಿ ಸ್ರಾವ ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಬಸಿರು ಬಾಣಂತನ ಇಲ್ಲದೆ ಎರಡೂ ಕಡೆ ಹಾಲು ಬಂದರೆ ಪ್ರೊಲ್ಯಾಕ್ಟಿನ್ (ಹಾಲು ಬರಿಸುವ ಹಾರ್ಮೋನ್) ರಕ್ತಪರೀಕ್ಷೆ ಮಾಡಿಸಿ, ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿ ತೋರಿಸಿ.

ಇನ್ನೆರಡು ಲಕ್ಷಣಗಳು ಬೇರೆ ಕಾಯಿಲೆಯ ವೇಷದಲ್ಲಿ ಬರುತ್ತವೆ. ಒಂದೇ ತೊಟ್ಟಿನ ಮೇಲೆ ಇಸುಬಿನಂತೆ ಹೊಪ್ಪಳೆ, ತುರಿಕೆ, ಹುಣ್ಣು ಕಾಣಿಸಿ, ಎರಡು ವಾರ ಮುಲಾಮು ಹಚ್ಚಿದರೂ ವಾಸಿಯಾಗದಿದ್ದರೆ ಅದು ತೊಟ್ಟಿನ ಒಂದು ಬಗೆಯ ಕ್ಯಾನ್ಸರ್ ಆದ ಪ್ಯಾಜೆಟ್ ಕಾಯಿಲೆ ಇರಬಹುದು. ಇಸುಬು ಹೆಚ್ಚಾಗಿ ಸುತ್ತಲಿನ ವರ್ತುಲದಲ್ಲಿ ಶುರುವಾಗುತ್ತದೆ, ಪ್ಯಾಜೆಟ್ ತೊಟ್ಟಿನಲ್ಲೇ ಶುರುವಾಗುತ್ತದೆ. ಇನ್ನೊಂದು, ವಾರಗಳಲ್ಲೇ ಸ್ತನ ಊದಿ, ಬಿಸಿಯಾಗಿ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೆಂಪಾಗುವುದು. ಸೋಂಕೆಂದು ಆ್ಯಂಟಿಬಯಾಟಿಕ್ ಕೊಟ್ಟಿರುತ್ತಾರೆ. ಒಂದು ಕೋರ್ಸ್ ಮುಗಿಯುವಷ್ಟರಲ್ಲಿ ಪೂರ್ತಿ ಇಳಿಯದಿದ್ದರೆ ಎರಡನೇ ಮೂರನೇ ಕೋರ್ಸ್ ಬರೆಸಿಕೊಳ್ಳುವ ಬದಲು ಚರ್ಮವೂ ಸೇರಿದಂತೆ ಬಯಾಪ್ಸಿ ಕೇಳಿ. ಇದು ಉರಿಯೂತದ ಸ್ತನ ಕ್ಯಾನ್ಸರ್ ಇರಬಹುದು, ಅದರಲ್ಲಿ ಗಂಟು ಕೈಗೆ ಸಿಗದೇ ಇರಬಹುದು.

## ಹಂತ 7: ಮೂರು ಪರೀಕ್ಷೆ, ಒಂದೇ ಉತ್ತರ

ಗಂಟಿನ ತೀರ್ಮಾನ ಮೂರು ಕಾಲುಗಳ ಮೇಲೆ ನಿಲ್ಲುತ್ತದೆ: ವೈದ್ಯರ ಕೈಪರೀಕ್ಷೆ, ಸ್ಕ್ಯಾನ್ ಅಥವಾ ಮ್ಯಾಮೊಗ್ರಾಮ್ ಚಿತ್ರ, ಸೂಜಿ ಬಯಾಪ್ಸಿ. ಮೂರೂ ಒಂದೇ ಉತ್ತರ ಹೇಳಿದರೆ ಮಾತ್ರ ನಂಬಬಹುದು.

ಚಿತ್ರದ ಕ್ರಮ ವಯಸ್ಸಿನ ಮೇಲೆ ನಿಂತಿದೆ. 30ರೊಳಗೆ ಅಲ್ಟ್ರಾಸೌಂಡ್ ಮೊದಲು. 30ರಿಂದ 39ರವರೆಗೆ ಅಲ್ಟ್ರಾಸೌಂಡ್, ಮ್ಯಾಮೊಗ್ರಾಮ್ ಅಥವಾ ಎರಡೂ. 40 ದಾಟಿದವರಿಗೆ ಮ್ಯಾಮೊಗ್ರಾಮ್ ಮೊದಲು. ಕಾರಣ ಸರಳ: ಮ್ಯಾಮೊಗ್ರಾಮಿನಲ್ಲಿ ಕೊಬ್ಬು ಕಪ್ಪಗೆ, ಗ್ರಂಥಿ ಬೆಳ್ಳಗೆ, ಕ್ಯಾನ್ಸರ್ ಕೂಡ ಬೆಳ್ಳಗೆ ಕಾಣುತ್ತದೆ. ಎಳೆಯ ಸ್ತನ ಗ್ರಂಥಿಗಳಿಂದ ದಟ್ಟವಾಗಿರುವುದರಿಂದ ಬಿಳಿಯೊಳಗೆ ಬಿಳಿ ಮುಚ್ಚಿಹೋಗುತ್ತದೆ. ಆದರೆ ಅನುಮಾನ ಬಲವಾಗಿದ್ದರೆ ಯಾವ ವಯಸ್ಸಿನಲ್ಲೂ ಮ್ಯಾಮೊಗ್ರಾಮ್ ಬೇಕಾಗುತ್ತದೆ, ಕೆಲವೊಮ್ಮೆ ಕ್ಯಾನ್ಸರಿನ ಸುಳಿವಾಗಿರುವ ಸೂಕ್ಷ್ಮ ಕ್ಯಾಲ್ಸಿಯಂ ಚುಕ್ಕೆಗಳು ಅದರಲ್ಲೇ ಚೆನ್ನಾಗಿ ಕಾಣುವುದು. ಆ ದಿನ ಕಂಕುಳಿಗೆ ಡಿಯೋಡರಂಟ್, ಪೌಡರ್ ಹಾಕಬೇಡಿ. ಚಿತ್ರದಲ್ಲಿ ಕ್ಯಾಲ್ಸಿಯಂನಂತೆಯೇ ಕಾಣಬಹುದು.

ಸ್ಕ್ಯಾನ್ ಮಾಡುವಾಗ ಬೆರಳಿಟ್ಟು ಜಾಗ ತೋರಿಸಿ. ಮಲಗಿದಾಗ ಗಂಟು ಸಿಗದಿದ್ದರೆ, ಯಾವ ಭಂಗಿಯಲ್ಲಿ ಸಿಗುತ್ತದೋ ಆ ಭಂಗಿಯಲ್ಲೇ ಸ್ಕ್ಯಾನ್ ಮಾಡಲು ಹೇಳಿ. ಕಂಕುಳನ್ನೂ ನೋಡಲಿ.

ವರದಿಯ ಕೊನೆಯಲ್ಲಿ ‘ಬೈ-ರಾಡ್ಸ್’ ಎಂಬ ಅಂಕಿ ಇರುತ್ತದೆ. ಎಲ್ಲಕ್ಕಿಂತ ಮೊದಲು ಅದನ್ನು ಹುಡುಕಿ. 0 ಎಂದರೆ ಮಾಹಿತಿ ಸಾಲದು, ಇನ್ನೊಂದು ಚಿತ್ರ ಬೇಕು; ಇದನ್ನು ‘ಏನೂ ಇಲ್ಲ’ ಎಂದು ಓದಿಕೊಂಡು ಸುಮ್ಮನಾದವರಿದ್ದಾರೆ. 1 ಸಹಜ, 2 ನಿರಪಾಯಕಾರಿ. 3 ಎಂದರೆ ಕ್ಯಾನ್ಸರ್ ಸಾಧ್ಯತೆ ಶೇ. 2 ಅಥವಾ ಕಡಿಮೆ, 6 ತಿಂಗಳಿಗೆ ಮತ್ತೆ ಸ್ಕ್ಯಾನ್. 4ರಲ್ಲಿ ಸಾಧ್ಯತೆ ಶೇ. 2ರಿಂದ 95ರವರೆಗೂ ಇರಬಹುದಾದ್ದರಿಂದ ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ಮೂರಕ್ಕೂ ಬಯಾಪ್ಸಿ ಬೇಕು. 5ರಲ್ಲಿ ಶೇ. 95 ಅಥವಾ ಹೆಚ್ಚು. 6 ಈಗಾಗಲೇ ಬಯಾಪ್ಸಿಯಲ್ಲಿ ಕ್ಯಾನ್ಸರ್ ಖಚಿತವಾದದ್ದಕ್ಕೆ.

ಚಿತ್ರ ನಾರ್ಮಲ್, ಕೈಗೆ ಮಾತ್ರ ಗಂಟು ಸ್ಪಷ್ಟ. ಆಗ ಏನು? ಎಷ್ಟೋ ಯುವತಿಯರು ಕೈಬಿಡುವುದು ಈ ಘಟ್ಟದಲ್ಲೇ. ವೈದ್ಯರಿಗೂ ಗಂಟು ಅನುಮಾನಾಸ್ಪದವಾಗಿ ಸಿಗುತ್ತಿದ್ದರೆ ನಾರ್ಮಲ್ ಚಿತ್ರವನ್ನು ಬದಿಗಿಟ್ಟು ಬಯಾಪ್ಸಿ ಮಾಡಬೇಕು. ವೈದ್ಯರಿಗೆ ಅನುಮಾನವಿಲ್ಲದಿದ್ದರೆ ಮರುಪರೀಕ್ಷೆಯ ತಾರೀಖನ್ನು ಬರೆಸಿಕೊಂಡೇ ಎದ್ದು ಬನ್ನಿ. ‘ತೊಂದರೆ ಆದರೆ ಬನ್ನಿ’ ಎಂಬುದು ತಾರೀಖಲ್ಲ.

ಬಯಾಪ್ಸಿಗೆ ಕೋರ್ ಸೂಜಿಯೇ ಉತ್ತಮ. ತೆಳು ಸೂಜಿಯಿಂದ ಬಿಡಿ ಕೋಶಗಳಷ್ಟೇ ಬರುತ್ತವೆ. ಅದಕ್ಕಿಂತ ದಪ್ಪನೆಯ, ಸಾಮಾನ್ಯವಾಗಿ 14 ಗೇಜಿನ ಕೋರ್ ಸೂಜಿಯಿಂದ ಅಂಗಾಂಶದ ಎಳೆಗಳೇ ಬರುವುದರಿಂದ ಕ್ಯಾನ್ಸರ್ ಇದೆಯೇ, ಅದು ಹರಡಬಲ್ಲದ್ದೇ, ಹಾರ್ಮೋನಿಗೆ ಸ್ಪಂದಿಸುವ ಗ್ರಾಹಕಗಳಿವೆಯೇ ಎಲ್ಲವೂ ತಿಳಿಯುತ್ತದೆ. ಜಾಗಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಅಲ್ಟ್ರಾಸೌಂಡ್ ನೋಡುತ್ತ ಮಾಡುತ್ತಾರೆ. ಅದೇ ದಿನ ಮನೆಗೆ ಹೋಗಬಹುದು. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ, ಆ ಭಯದಿಂದ ಮುಂದೂಡಿದ ತಿಂಗಳುಗಳಲ್ಲಿ ಮಾತ್ರ ಅದು ನಿಜವಾಗಿ ಹರಡುತ್ತದೆ.

ಬಯಾಪ್ಸಿ ಇಲ್ಲದೆ ನೇರವಾಗಿ ‘ಗಂಟು ತೆಗೆದುಬಿಡೋಣ’ ಎಂದರೆ ಒಪ್ಪಬೇಡಿ. ಒಳಗಿರುವುದು ಕ್ಯಾನ್ಸರ್ ಆಗಿದ್ದರೆ ಅಂಚುಗಳು ಸರಿಯಾಗಿ ಸಿಗದೆ ಎರಡನೇ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಶಸ್ತ್ರಚಿಕಿತ್ಸೆಗೆ ಮೊದಲು ಕೊಡಬೇಕಿದ್ದ ಔಷಧಿಯ ಅವಕಾಶವೂ ತಪ್ಪುತ್ತದೆ. ಹಾಗೆಯೇ ಥರ್ಮೋಗ್ರಫಿ (ಚರ್ಮದ ಶಾಖದ ಚಿತ್ರ), ಸಿಎ 15-3 ಎಂಬ ರಕ್ತಪರೀಕ್ಷೆ, ಪೆಟ್ ಸ್ಕ್ಯಾನ್ ಯಾವುದೂ ಗಂಟಿನ ಮೊದಲ ಪರೀಕ್ಷೆಗಳಲ್ಲ. ಅವು ನಾರ್ಮಲ್ ಬಂದರೂ ಪ್ರಯೋಜನವಿಲ್ಲ.

ಮೂರರಲ್ಲಿ ಒಂದು ಉತ್ತರ ಬೇರೆಯಾದರೆ, ಉದಾಹರಣೆಗೆ ಚಿತ್ರದಲ್ಲಿ ಬೈ-ರಾಡ್ಸ್ 5, ಬಯಾಪ್ಸಿ ‘ನಿರಪಾಯಕಾರಿ’, ಸೂಜಿ ಗಂಟನ್ನು ತಪ್ಪಿಸಿರಬಹುದು. ಮತ್ತೆ ಬಯಾಪ್ಸಿ ಆಗಲೇಬೇಕು. ಮೊದಲ ಭೇಟಿಯಿಂದ 60 ದಿನಗಳೊಳಗೆ ರೋಗನಿರ್ಣಯ ಪೂರ್ತಿಯಾಗಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಗುರಿ. ಅದನ್ನು ಹೊರಗಿನ ಗಡಿಯೆಂದು ಇಟ್ಟುಕೊಂಡು, ಮೊದಲ ಭೇಟಿಯ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಫೈಬ್ರೊಅಡಿನೋಮ ಎಂದು ಖಚಿತವಾದರೆ ಹೆಚ್ಚಿನವರಿಗೆ ತೆಗೆಸುವ ಅಗತ್ಯವಿಲ್ಲ. ಬೇಗ ಬೆಳೆಯುತ್ತಿದ್ದರೆ ಅಥವಾ 3 ಸೆಂ.ಮೀ. ದಾಟಿದ್ದರೆ ತೆಗೆಸುವ ಮಾತು ಬರುತ್ತದೆ, ಅದೇ ರೀತಿ ಕಾಣುವ ಫಿಲ್ಲೋಡ್ಸ್ ಎಂಬ ಬೇರೆ ಬಗೆಯ ಗಡ್ಡೆಯನ್ನು ತೆಗೆಸದೆ ಬಿಡುವಂತಿಲ್ಲ. ಮಸಾಜ್, ಲೇಪಗಳಿಂದ ಫೈಬ್ರೊಅಡಿನೋಮ ಕರಗುವುದಿಲ್ಲ.

## ಹಂತ 8: ಬಸಿರು, ಬಾಣಂತನದಲ್ಲಿ ಬದಲಾಗುವುದು

ಹಾಲು ಕಟ್ಟಿದ ಗಂಟು ಹಾಲುಣಿಸುತ್ತ ಒಂದೆರಡು ದಿನಗಳಲ್ಲಿ ಕರಗಬೇಕು. ಎರಡು ವಾರವಾದರೂ ಅದೇ ಜಾಗದಲ್ಲಿದ್ದರೆ ಹಾಲಿನ ಗಂಟೆಂದು ಸುಮ್ಮನಿರಬೇಡಿ. ಜ್ವರದೊಂದಿಗೆ ಕೆಂಪಾಗಿ ನೋಯುವ ಬಾವು ಆ್ಯಂಟಿಬಯಾಟಿಕ್ ಶುರುಮಾಡಿದ 48ರಿಂದ 72 ಗಂಟೆಯಲ್ಲಿ ಇಳಿಯತೊಡಗದಿದ್ದರೆ ಕೀವು ತುಂಬಿದೆಯೇ ಎಂದು ಅಲ್ಟ್ರಾಸೌಂಡಿನಲ್ಲಿ ನೋಡಬೇಕು. ಹಾಲುಣಿಸುವುದನ್ನು ತಟ್ಟನೆ ನಿಲ್ಲಿಸಿದರೆ ಬಾವು ಹೆಚ್ಚುತ್ತದೆ.

ಬಸಿರಿನಲ್ಲೂ ಹಾಲುಣಿಸುವಾಗಲೂ ಅಲ್ಟ್ರಾಸೌಂಡ್ ಮತ್ತು ಕೋರ್ ಬಯಾಪ್ಸಿ ಸುರಕ್ಷಿತ. ಬೇಕೆನಿಸಿದರೆ ಬಸಿರಿನಲ್ಲೂ ಮ್ಯಾಮೊಗ್ರಾಮ್ ಮಾಡಬಹುದು, ಭ್ರೂಣಕ್ಕೆ ತಾಗುವ ವಿಕಿರಣ ಅತ್ಯಲ್ಪ. ಗ್ಯಾಡೊಲಿನಿಯಂ (ಚಿತ್ರ ಸ್ಪಷ್ಟವಾಗಿಸುವ ದ್ರವ) ಚುಚ್ಚಿ ಮಾಡುವ ಎಂಆರ್‌ಐ ಮಾತ್ರ ಬಸಿರಿನಲ್ಲಿ ಬೇಡ. ‘ಹೆರಿಗೆಯಾದ ಮೇಲೆ ನೋಡೋಣ’, ‘ಮಗು ಹಾಲು ಬಿಟ್ಟ ಮೇಲೆ ಬನ್ನಿ’ ಎಂಬ ಸಲಹೆ ಸಿಕ್ಕಿದರೆ ಬೇರೆ ವೈದ್ಯರನ್ನು ಕಾಣಿ. ಚಿತ್ರ ತೆಗೆಸುವ ಮುನ್ನ ಮಗುವಿಗೆ ಹಾಲುಣಿಸಿ ಅಥವಾ ಹಿಂಡಿ ತೆಗೆಯಿರಿ. ಸ್ತನ ಖಾಲಿಯಾದಷ್ಟೂ ಚಿತ್ರ ಸ್ಪಷ್ಟ.

## ಹಂತ 9: ದಿನನಿತ್ಯದ ಆರೈಕೆ

ಅಪಾಯ ಕಡಿಮೆ ಮಾಡುವುದು: ಮದ್ಯ ಬಿಡುವುದು ಅಥವಾ ಸಾಧ್ಯವಾದಷ್ಟು ಕಡಿಮೆ ಮಾಡುವುದು, ವಾರಕ್ಕೆ 150ರಿಂದ 300 ನಿಮಿಷ ಮೈ ಬೆವರುವ ಚಟುವಟಿಕೆ, ಮಕ್ಕಳಾದರೆ ಸಾಧ್ಯವಾದಷ್ಟು ಕಾಲ ಎದೆಹಾಲು ಕೊಡುವುದು. ಗರ್ಭನಿರೋಧಕ ಮಾತ್ರೆಗಳು ಬಳಸುತ್ತಿರುವಷ್ಟು ಕಾಲ ಅಪಾಯವನ್ನು ಸ್ವಲ್ಪ ಹೆಚ್ಚಿಸುತ್ತವೆ. ಎಳೆ ವಯಸ್ಸಿನಲ್ಲಿ ಮೂಲ ಅಪಾಯವೇ ಕಡಿಮೆಯಿರುವುದರಿಂದ ಹೆಚ್ಚಿನವರಿಗೆ ಇದು ಮಾತ್ರೆ ಬಿಡುವ ಕಾರಣವಾಗದು. ಜೀನ್ ದೋಷವಿರುವವರು ಮಾತ್ರ ವೈದ್ಯರೊಂದಿಗೆ ಬಿಡಿಸಿ ಮಾತಾಡಲಿ. ಧೂಮಪಾನಿಗಳಲ್ಲಿ ತೊಟ್ಟಿನ ಸುತ್ತ ಮತ್ತೆ ಮತ್ತೆ ಕೀವುಗಂಟಾಗುತ್ತದೆ, ಸೇದುವುದು ನಿಲ್ಲದೆ ಅದು ನಿಲ್ಲುವುದಿಲ್ಲ.

ಬ್ರಾ, ಅದರೊಳಗಿನ ತಂತಿ, ಡಿಯೋಡರಂಟ್, ಏಟು ಬಿದ್ದದ್ದು ಇವುಗಳಿಂದ ಕ್ಯಾನ್ಸರ್ ಬರುತ್ತದೆಂಬುದಕ್ಕೆ ಪುರಾವೆಯಿಲ್ಲ. ಏಟು ಬಿದ್ದ ಜಾಗದಲ್ಲಿ ಕೊಬ್ಬು ಸತ್ತು ಗಂಟಾಗುವುದುಂಟು. ಆದರೆ ಏಟು ಬಿದ್ದಿತ್ತು ಎಂಬ ಕಾರಣಕ್ಕೆ ಪರೀಕ್ಷೆ ಬಿಡಬೇಡಿ. ಮೊದಲೇ ಇದ್ದ ಗಂಟು ಏಟಿನ ನೋವಿನಿಂದ ಗಮನಕ್ಕೆ ಬಂದಿರಲೂಬಹುದು.

## ಹಂತ 10: ಬಯಾಪ್ಸಿಯಲ್ಲಿ ಕ್ಯಾನ್ಸರ್ ಬಂದರೆ, ಚಿಕಿತ್ಸೆಗೆ ಮೊದಲು

ಅಂದೇ ಸಂಜೆ ಶಸ್ತ್ರಚಿಕಿತ್ಸೆಗೆ ಓಡಬೇಕಾಗಿಲ್ಲ. ಒಂದೆರಡು ವಾರಗಳಲ್ಲಿ ಸರಿಯಾದ ಯೋಜನೆ ಹಾಕಿಕೊಳ್ಳುವುದರಿಂದ ನಷ್ಟವಿಲ್ಲ, ತಿಂಗಳುಗಟ್ಟಲೆ ಬೇರೆ ಉಪಾಯ ಹುಡುಕುತ್ತ ಕೂತರೆ ದೊಡ್ಡ ನಷ್ಟವಿದೆ.

ಬಯಾಪ್ಸಿ ವರದಿಯಲ್ಲಿ ಇಆರ್, ಪಿಆರ್ (ಎರಡು ಹಾರ್ಮೋನ್ ಗ್ರಾಹಕಗಳು), ಹೆರ್2 (ಕೋಶ ಬೆಳೆಸುವ ಒಂದು ಪ್ರೋಟೀನ್) ಈ ಮೂರರ ಫಲಿತಾಂಶವೂ ಗ್ರೇಡ್ (ಕ್ಯಾನ್ಸರ್ ಕೋಶಗಳು ಎಷ್ಟು ಉಗ್ರವಾಗಿ ಕಾಣುತ್ತವೆ ಎಂಬ ಅಂಕಿ) ಕೂಡ ಇರಬೇಕು. ಇಲ್ಲದಿದ್ದರೆ ಕೇಳಿ ಮಾಡಿಸಿ, ಯಾವ ಔಷಧಿ ಎಂಬುದು ನಿರ್ಧಾರವಾಗುವುದು ಅದರಿಂದಲೇ. ಈ ವಯಸ್ಸಿನಲ್ಲಿ ಕುಟುಂಬದ ಪಟ್ಟಿ ಖಾಲಿಯಿದ್ದರೂ ಜೀನ್ ಪರೀಕ್ಷೆ ಕೇಳಿ, ಶಸ್ತ್ರಚಿಕಿತ್ಸೆಯ ಆಯ್ಕೆಯೂ ಅದರಿಂದ ಬದಲಾಗಬಹುದು.

ಮುಂದೆ ಮಕ್ಕಳು ಬೇಕೆಂದಿದ್ದರೆ ಕೀಮೋಥೆರಪಿಯ ಮೊದಲ ಡೋಸಿಗೆ ಮುಂಚೆಯೇ ಬಂಜೆತನ ತಜ್ಞರನ್ನು ಕಾಣಿ. ಅಂಡಾಣು ತೆಗೆದು, ಅದನ್ನೋ ಅದರಿಂದ ಬೆಳೆಸಿದ ಭ್ರೂಣವನ್ನೋ ಶೈತ್ಯದಲ್ಲಿಡಲು ಸುಮಾರು ಎರಡು ವಾರ ಸಾಕು. ಯಾರೂ ತಾವಾಗಿ ಹೇಳದಿರಬಹುದು, ನೀವೇ ಕೇಳಬೇಕು. ಹಾರ್ಮೋನಿನ ಗರ್ಭನಿರೋಧಕ ಮಾತ್ರೆ ಬಳಸುತ್ತಿದ್ದರೆ ನಿಲ್ಲಿಸಿ ಗರ್ಭಕೋಶದೊಳಗಿಡುವ ತಾಮ್ರದ ಸಾಧನ (ಕಾಪರ್-ಟಿ) ಅಥವಾ ಕಾಂಡೋಮಿಗೆ ಬದಲಾಯಿಸಿಕೊಳ್ಳಿ. ಚಿಕಿತ್ಸೆಯ ನಡುವೆ ಮುಟ್ಟು ನಿಂತರೂ ಗರ್ಭ ನಿಲ್ಲುವ ಸಾಧ್ಯತೆ ಇದ್ದೇ ಇರುತ್ತದೆ.

ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ವರದಿಯ ಜೆರಾಕ್ಸ್ ಸಾಲದು. ಬಯಾಪ್ಸಿಯ ಗಾಜಿನ ಸ್ಲೈಡುಗಳು, ಅಂಗಾಂಶವನ್ನು ಕಾಪಿಟ್ಟ ಮೇಣದ ಬ್ಲಾಕ್, ಸ್ಕ್ಯಾನ್‌ಗಳ ಮೂಲ ಚಿತ್ರಗಳಿರುವ ಸಿ.ಡಿ. ಈ ಮೂರನ್ನೂ ಪ್ರಯೋಗಾಲಯದಿಂದ ಸಹಿ ಹಾಕಿ ಪಡೆದು ಜೊತೆಗೊಯ್ಯಿರಿ, ಬ್ಲಾಕನ್ನು ಬಿಸಿಲಿಗಿಡಬೇಡಿ.